ಏಳೆಂಟ್ಲೆ

ಅಕ್ಕನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಅವಳ ಬಾಯಿಂದ ಮೊದಲು ಹೊರಟದ್ದು ಯಾರ ಹೆಸರೂ ಅಲ್ಲ, ಎರಡರ ಮಗ್ಗಿ.

ಆಸ್ಪತ್ರೆಯಿಂದ ಅವಳನ್ನು ಹರಪನಹಳ್ಳಿಯ ಮನೆಗೆ ಕರೆತಂದು ಕೆಲವು ದಿನಗಳಾಗಿದ್ದವು. ಬಲಗೈ ಮಡಿಲಲ್ಲಿ ಬಿದ್ದಿರುತ್ತಿತ್ತು. ತುಟಿ ಆಡುತ್ತಿತ್ತು, ಮಾತಾಗುತ್ತಿರಲಿಲ್ಲ. ಬೆಳಿಗ್ಗೆ ಪಕ್ಕದ ಮನೆಯ ಹುಡುಗಿ ಕಟ್ಟೆಯ ಮೇಲೆ ಕೂತು "ಎರಡೊಂದ್ಲೆ ಎರಡು" ಎಂದು ಶುರು ಮಾಡಿದಳು. ಒಳಗಿನಿಂದ ಅಕ್ಕ "ಎರಡೆರಡ್ಲೆ ನಾಕು" ಎಂದಳು. ತೊದಲಿಲ್ಲ. ನಾನು ಕೈಯಲ್ಲಿದ್ದ ಗಂಜಿಯ ಬಟ್ಟಲನ್ನು ಕೆಳಗಿಟ್ಟೆ. ಹುಡುಗಿ ನಡುವೆ ತಡವರಿಸಿ ನಿಂತಳು, ಅಕ್ಕ ನಿಲ್ಲಲಿಲ್ಲ. ಇಪ್ಪತ್ತು ಬಂದ ಮೇಲೆಯೇ ಬಾಯಿ ಮುಚ್ಚಿದಳು.

ನಾವು ಬೆಳೆದದ್ದು ಕೊಟ್ಟೂರಿನಲ್ಲಿ. ಸಂಜೆ ದೀಪ ಹಚ್ಚಿದ ಮೇಲೆ, ಊಟಕ್ಕೆ ಮೊದಲು, ಗೋಡೆಗೆ ಬೆನ್ನು ಕೊಟ್ಟು ಮಗ್ಗಿ ಒಪ್ಪಿಸಬೇಕಿತ್ತು. ಅರ್ಥ ತಿಳಿಯುವ ಮೊದಲೇ ಅದು ನಾಲಿಗೆಗೆ ಹತ್ತಿತ್ತು. ನಡುವೆ ತಪ್ಪಿದರೆ ಮತ್ತೆ ಒಂದರಿಂದ ಹೇಳಬೇಕು. ಅಕ್ಕ ಎಂದೂ ತಪ್ಪುತ್ತಿರಲಿಲ್ಲ.

"ಮಾತು ಬಂತು ನೋಡು! ಬಾಯಿ ಬಿಟ್ಟಾಳ!" ಎಂದು ಭಾವ ಊರೂರಿಗೆ ಫೋನು ಮಾಡಿದರು. ಮರುದಿನವೇ ಮಾಗಳದಿಂದ ನಮ್ಮ ಸೋದರತ್ತೆ ಬಂದರು. ಅಕ್ಕನ ಗಲ್ಲ ಹಿಡಿದು ಕೇಳಿದರು:

"ಊಟ ಆತೇನವ್ವಾ?"

"ಎರಡೊಂದ್ಲೆ ಎರಡು."

"ಎರಡೇ ರೊಟ್ಟಿಯೇನು? ಹಂಗಾದ್ರ ಸೊರಗಲಾರದ ಇರ್ತೀಯಾ? ಏನ್ರಿ ಅಳಿಯಂದಿರ, ಹೊಟ್ಟಿಗೆ ಹಾಕ್ತೀರೋ ಇಲ್ಲೋ?"

ಭಾವ ನಕ್ಕರು. ನಾನೂ ನಕ್ಕೆ. ಅಕ್ಕ ನಗಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತ ನಾಕು, ಆರು, ಎಂಟು ಎಂದು ಹೋಗುತ್ತಲೇ ಇದ್ದಳು. ಅವಳು ಹೇಳಬೇಕೆಂದಿದ್ದು ಬೇರೆ, ಬರುತ್ತಿದ್ದುದು ಇದು, ಅದನ್ನು ತಡೆಯಲು ಅವಳಿಗೆ ಆಗುತ್ತಿಲ್ಲ ಎಂದು ನನಗೆ ಆಗ ತಿಳಿಯಿತು. ಅತ್ತೆಗೂ ತಿಳಿಯಿತೇನೋ. ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಎದ್ದು ಹೋದರು.

ದಾವಣಗೆರೆಯಲ್ಲಿ ಮಾತಿನ ಚಿಕಿತ್ಸೆ ಕೊಡುವ ಹೆಣ್ಣುಮಗಳು ಭಾವನಿಗೆ ಮೆಲ್ಲಗೆ ಹೇಳಿದಳು: "ಇದು ಮಾತಲ್ಲ ಸರ್. ಬಾಯಿಪಾಠ ಹಾಡಿನ ಹಾಗೆ, ಮಾತು ಹೋದರೂ ಉಳಿದಿರುತ್ತೆ. ಆದರೆ ಅದನ್ನೇ ಹಿಡಿದು ಮಾತಿಗೆ ಬರಬಹುದು. ನಡುವೆ ನಿಲ್ಲಿಸೋದನ್ನ ಅಭ್ಯಾಸ ಮಾಡಿಸಿ. ಈ ಕೆಲವು ತಿಂಗಳುಗಳಲ್ಲಿ ಬರದಿದ್ದರೆ ಆಮೇಲೆ ಕಷ್ಟ."

ವಾಪಸ್ಸು ಬರುವ ಬಸ್ಸಿನಲ್ಲಿ ಭಾವ ಅಕ್ಕನ ಬಲಗೈಯನ್ನು ತಮ್ಮ ಮಡಿಲಿಗೆ ಎತ್ತಿಟ್ಟುಕೊಂಡರು.

ಅಂದಿನಿಂದ ದಿನವೂ ಅವಳ ಎದುರು ಕೂತೆ. ನಾನು "ಮೂರ್ನಾಲ್ಕ್ಲೆ?" ಎಂದು ಕೇಳಿ ಕಾಯುತ್ತಿದ್ದೆ. ಅವಳು ಉತ್ತರ ಹೇಳುತ್ತಿರಲಿಲ್ಲ. ಮೂರೊಂದ್ಲೆಯಿಂದ ಹತ್ತರವರೆಗೂ ಹೇಳಿಬಿಡುತ್ತಿದ್ದಳು. ಅವಳ ಮೊಣಕಾಲಿನ ಮೇಲೆ ಕೈಯಿಟ್ಟು "ಇಲ್ಲೇ ನಿಲ್ಲು" ಎಂದರೆ ಕಣ್ಣು ನನ್ನ ಕಡೆ ನಿಲ್ಲುತ್ತಿತ್ತು, ಬಾಯಿ ಮುಂದೆ ಹೋಗುತ್ತಿತ್ತು. ವಾರಗಳು ಹೀಗೇ ಕಳೆದವು. ಪಕ್ಕದ ಮನೆಯವರು ಕಿಟಕಿ ಮುಚ್ಚತೊಡಗಿದರು.

ಒಂದು ದಿನ ಏಳರ ಮಗ್ಗಿ ಇಬ್ಬರೂ ಕೂಡಿ ಹೇಳುತ್ತಿದ್ದೆವು. ಕುಕ್ಕರ್ ಕೂಗಿತು. ನನ್ನ ಗಮನ ಒಲೆಯ ಕಡೆ ಹೋಯಿತು. "ಏಳೆಂಟ್ಲೆ ಐವತ್ನಾಕು" ಎಂದುಬಿಟ್ಟೆ.

"ಲೇ!"

ಮಗ್ಗಿಯ ಲೆ ಗಿಡ್ಡ. ಇದು ಉದ್ದವಾಗಿತ್ತು, ಮೇಲಕ್ಕೇರಿತ್ತು. ಚಿಕ್ಕಂದಿನಿಂದ ಅವಳು ನನ್ನನ್ನು ಬೈಯುತ್ತಿದ್ದುದು ಹೀಗೆಯೇ. ಅಡುಗೆಮನೆಯಿಂದ ಬಂದ ಭಾವ, "ಮಗ್ಗಿದೇ ಬಾಲ ಅದು. ಸುಮ್ಮನ ಆಸಿ ಪಡಬ್ಯಾಡ" ಎಂದರು. ಅವರ ಮಾತು ಸರಿಯಿರಬಹುದು. ನಾನು ಕೇಳಿದ್ದನ್ನು ಬರೆಯುತ್ತಿದ್ದೇನೆ.

"ಹಂಗಾದ್ರ ಎಷ್ಟು? ನೀನೇ ಹೇಳು" ಎಂದೆ.

ಅಕ್ಕ ಎಡಗೈ ಎತ್ತಿ ನನ್ನನ್ನು ಸುಮ್ಮನಿರಿಸಿದಳು. ಏಳೊಂದ್ಲೆಯಿಂದ ಹೊರಟಳು. ಈ ಸಲ ನಿಧಾನ, ಒಂದೊಂದು ಅಂಕಿಯ ಮೇಲೂ ಕಾಲಿಟ್ಟು ನೋಡುವವಳ ಹಾಗೆ. "ಏಳೆಂಟ್ಲೆ ಐವತ್ತಾರು" ಎಂದಳು. ಅವಳ ತುಟಿ ಮುಂದಿನ ಶಬ್ದಕ್ಕೆ ತೆರೆದುಕೊಂಡಿತು. ಎಡಗೈ ಮಂಚದ ಅಂಚನ್ನು ಹಿಡಿಯಿತು. ಗಂಟಲು ಒಮ್ಮೆ ಏರಿ ಇಳಿಯಿತು. ಶಬ್ದ ಬರಲಿಲ್ಲ. ಅವಳೇ ಅದನ್ನು ತಡೆದಿದ್ದಳು.

ಭಾವ ಕೈಯಲ್ಲಿ ಸೌಟು ಹಿಡಿದು ನಿಂತೇ ಇದ್ದರು. "ಮುಂದ?" ಎಂದರು.

ಅಕ್ಕ ಅವರ ಕಡೆ ತಿರುಗಿದಳು. ಮಾತು ಕೂಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

"ಸಾಕು" ಎಂದಳು.