ಕಿವಿಯಣ್ಣನ ವ್ಯಾಪಾರದ ಗುಟ್ಟು

ಎರಡು ನಿಮಿಷದಲ್ಲಿ ತಿಜೋರಿ ತೆರೆದುಕೊಟ್ಟರೆ ಗಿರಾಕಿಗೆ ಮೋಸ ಹೋದಂತೆ ಅನಿಸುತ್ತದೆ. ಅದೇ ತಿಜೋರಿಯ ಎದೆಗೆ ಸ್ಟೆತಾಸ್ಕೋಪ್ ಆನಿಸಿ, ಕಣ್ಣು ಮುಚ್ಚಿ, "ಯಾರೂ ಜೋರಾಗಿ ಉಸಿರು ಬಿಡಬೇಡಿ" ಎಂದು ಇಪ್ಪತ್ತು ನಿಮಿಷ ಕೂತರೆ, ಅದೇ ಗಿರಾಕಿ ಚಹಾ ತರಿಸುತ್ತಾನೆ. ಬೀಗದ ಅಂಗಡಿ ಇಟ್ಟು ಮೂವತ್ತೆಂಟು ವರ್ಷದಲ್ಲಿ ಕಿವಿಯಣ್ಣ ಕಂಡುಕೊಂಡ ಸತ್ಯ ಇದು. ಆ ಹೆಸರೂ ಸ್ಟೆತಾಸ್ಕೋಪಿನಿಂದಲೇ ಅಂಟಿಕೊಂಡದ್ದು. ಕಬ್ಬಿಣದ ಪಿಸುಮಾತು ಕೇಳಿಸುವುದು ಅವನೊಬ್ಬನಿಗೇ ಎಂದು ಇಡೀ ಪೇಟೆ ನಂಬಿತ್ತು. ನಂಬದವಳು ಅವನ ಹೆಂಡತಿ ಒಬ್ಬಳೇ.

"ನಾನು ಅಡುಗೆಮನೆಯಿಂದ ಮೂರು ಸಲ ಕೂಗಿದ್ರೆ ಕೇಳಿಸಲ್ಲ, ತಿಜೋರಿ ಗುಸುಗುಟ್ಟಿದ್ರೆ ಮಾತ್ರ ಕೇಳಿಸ್ತದಂತೆ," ಎನ್ನುತ್ತಿದ್ದಳು.

ಅವಳ ಮಾತೇ ಸರಿ. ಕೆಲಸ ಮಾಡುತ್ತಿದ್ದದ್ದು ಬೆರಳು. ಕಿವಿ ಬರೀ ಬೋರ್ಡು.

ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಔಷಧಿಯ ಕಪಾಟಿನ ಬೀಗ ಕಚ್ಚಿಕೊಂಡಾಗ ಅವನನ್ನು ಕರೆಸಿದ್ದರು. ಅಲ್ಲೂ ತನ್ನ ನಾಟಕ ಆಡಿದ. ಎದುರಿನ ಹಾಸಿಗೆಯ ಒಂಬತ್ತು ವರ್ಷದ ಹುಡುಗಿ ರೆಪ್ಪೆ ಮುಚ್ಚದೆ ನೋಡುತ್ತಿದ್ದಳು. ರಕ್ತದ ಕಾಯಿಲೆ, ಎಂಟು ತಿಂಗಳಿಂದ ಅಲ್ಲೇ ವಾಸ. ಚುಚ್ಚುವ ಮುನ್ನ ಪ್ರತಿ ಔಷಧಿಯ ಚೀಟಿಯನ್ನೂ ಓದಿಸಿ ಕೇಳುತ್ತಿದ್ದುದರಿಂದ ನರ್ಸುಗಳು ಅವಳಿಗೆ ಇಟ್ಟ ಹೆಸರು ಇನ್‌ಸ್ಪೆಕ್ಟರ್.

ಅದಾಗಿ ತಿಂಗಳ ಮೇಲೆ ಆ ವಾರ್ಡಿನ ದೊಡ್ಡ ನರ್ಸ್ ಅಂಗಡಿಗೇ ಬಂದಳು.

"ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಇನ್‌ಸ್ಪೆಕ್ಟರನ್ನ ಗಾಜಿನ ಕೋಣೆಗೆ ಹಾಕ್ತೀವಿ. ಸೋಂಕು ತಗಲಬಾರದು ಅಂತ ನಲವತ್ತು ದಿನ ಯಾರೂ ಮುಟ್ಟೋ ಹಾಗಿಲ್ಲ. ಒಳಗೆ ಹೋಗೋ ಮುಂಚೆ ಏನಾದ್ರೂ ಆಸೆ ಇದ್ಯಾ ಅಂತ ಕೇಳಿದ್ವಿ. ತಾನೇ ಒಂದು ತಿಜೋರಿ ತೆಗೀಬೇಕಂತೆ. ನಂಬರ್ ಯಾರೂ ಹೇಳಬಾರದಂತೆ."

"ನಲವತ್ತು ದಿನ ಆದ್ಮೇಲೆ ತೆಗೆದ್ರಾಯ್ತಲ್ಲ."

ದೊಡ್ಡ ನರ್ಸ್ ಮೇಜಿನ ಮೇಲಿದ್ದ ಬೀಗಗಳನ್ನು ನೋಡುತ್ತ ನಿಂತಳು. ಕಿವಿಯಣ್ಣನಿಗೆ ಅರ್ಥವಾಯಿತು.

ಅವನು ವ್ಯಾಪಾರಸ್ಥ. ಸೋಲುವ ಸಾಮಾನನ್ನು ಅಂಗಡಿಯಿಂದ ಹೊರಗೆ ಕಳಿಸುವವನಲ್ಲ. ಮೊಳ ಎತ್ತರದ ಹಳೆಯ ತಿಜೋರಿಯೊಂದನ್ನು ಆರಿಸಿದ. ಅದರ ಮುಖದ ಮೇಲೆ ನೂರು ಅಂಕಿಯ ಚಕ್ರ. ಒಳಗೆ ಮೂರು ಬಿಲ್ಲೆ, ಪ್ರತಿಯೊಂದರಲ್ಲೂ ಒಂದು ಕಚ್ಚು. ಮೂರು ಕಚ್ಚೂ ಸಾಲಿಗೆ ಬಂದರೆ ಹಿಡಿ ತಿರುಗುತ್ತದೆ. ಎರಡನ್ನು ಮೊದಲೇ ಸಾಲಿಗೆ ತಂದು, ಮೂರನೆಯದನ್ನು ಕೂದಲೆಳೆಯ ದೂರದಲ್ಲಿ ನಿಲ್ಲಿಸಿದ. ಮಗು ಹೇಗೆ ತಿರುಗಿಸಿದರೂ ಒಂದು ಸುತ್ತಿನೊಳಗೆ ತೆರೆಯಬೇಕು. ಹುಡುಗಿ ನಗಬೇಕು, ತಾನು ಮನೆಗೆ ಬರಬೇಕು. ಅಷ್ಟೇ ಲೆಕ್ಕಾಚಾರ.

ಗುರುವಾರ ಹನ್ನೊಂದಕ್ಕೆ ಹುಡುಗಿಯ ಅಪ್ಪ ಒಂದು ಕಡೆ, ಕಿವಿಯಣ್ಣ ಇನ್ನೊಂದು ಕಡೆ ಹಿಡಿದು ತಿಜೋರಿಯನ್ನು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಇಟ್ಟರು. ದೊಡ್ಡ ನರ್ಸ್ ಸ್ಪಿರಿಟ್ಟಿನ ಬಟ್ಟೆ ಹಿಡಿದು ಬಂದಳು.

"ಹೊರಗಷ್ಟೇ ಅಲ್ಲ, ಒಳಗೂ ಒರೆಸಬೇಕು. ತೆಗೀರಿ."

ಅವನು ತೆರೆದ. ಅವಳು ಮೂಲೆ ಮೂಲೆ ಒರೆಸಿದಳು. ಅವನು ಬಾಗಿಲು ಮುಚ್ಚಿ, ಹಿಡಿ ಎಳೆದು, ಚಕ್ರವನ್ನು ಸರ್ರನೆ ನಾಲ್ಕು ಸುತ್ತು ತಿರುಗಿಸಿದ.

ತಿರುಗಿಸಿದ ಮೇಲೆ ತಾನು ಮಾಡಿದ್ದೇನೆಂದು ಅವನಿಗೆ ಹೊಳೆಯಿತು. ಮುಚ್ಚಿ ತಿರುಗಿಸದ ತಿಜೋರಿ ತೆರೆದಿಟ್ಟ ತಿಜೋರಿಯೇ ಎಂದು ಅಭ್ಯಾಸವಾದ ಕೈ. ಮೂರು ಬಿಲ್ಲೆಗಳೂ ಮೂರು ದಿಕ್ಕಿಗೆ ಹೋಗಿದ್ದವು. ಈಗ ಅದು ನಿಜವಾದ ಬೀಗ.

"ಒಂದ್ನಿಮಿಷ, ಇನ್ನೊಂದ್ಸಲ ತೆಗೆದು..." ಎಂದು ಕೈ ಚಾಚಿದ.

"ಬೇಡ," ಎಂದಳು ಇನ್‌ಸ್ಪೆಕ್ಟರ್. "ಒರೆಸಾಯ್ತಲ್ಲ. ಮತ್ತೆ ಯಾಕೆ?"

ಅವನು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಅವಳು ಸ್ಟೆತಾಸ್ಕೋಪನ್ನು ಇಸಿದುಕೊಂಡು ಕಿವಿಗೆ ಹಾಕಿಕೊಂಡಳು. ಕಡ್ಡಿಯಂಥ ಬೆರಳುಗಳಿಂದ ಚಕ್ರ ತಿರುಗಿಸತೊಡಗಿದಳು. ಒಂದು ಸುತ್ತು. ಐದು. ಹನ್ನೆರಡು. ಹುಬ್ಬಿನ ಮೇಲೆ ಬೆವರು ಮೂಡಿತು. ಕೊನೆಗೆ ಕೊಳವೆಯನ್ನು ಕಿತ್ತು ಬರಿಗಿವಿಯನ್ನೇ ಕಬ್ಬಿಣಕ್ಕೆ ಒತ್ತಿದಳು.

"ಏನಾದ್ರೂ ಕೇಳಿಸ್ತಾ ಚಿನ್ನ?" ಎಂದಳು ಎಡಗಡೆ ನಿಂತಿದ್ದ ಅಮ್ಮ.

ಹುಡುಗಿ ತಿರುಗಲಿಲ್ಲ. ಅಮ್ಮ ಇನ್ನೊಮ್ಮೆ ಕೇಳಿದಳು. ಆಗಲೂ ಇಲ್ಲ. ಅಮ್ಮನೂ ನರ್ಸೂ ಮುಖ ಮುಖ ನೋಡಿಕೊಂಡರು. ಔಷಧಿಯಿಂದ ಕಿವಿ ಮಂದವಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಎಷ್ಟು ದಿನದಿಂದ ತುಟಿ ನೋಡಿ ಉತ್ತರ ಕೊಡುತ್ತಿದ್ದಳೋ.

ಹುಡುಗಿ ತಲೆ ಎತ್ತಿದಾಗ ಎಲ್ಲರ ಮುಖವೂ ಒಂದೇ ಥರ ಆಗಿತ್ತು. ಅವಳಿಗೆ ತಿಳಿಯದ್ದೇನು.

"ನನಗೆ ಕೇಳಿಸ್ತಿಲ್ಲ," ಎಂದಳು. "ತಗೊಂಡು ಹೋಗಿ ಇದನ್ನ."

ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಇಪ್ಪತ್ತೈದು. ಅಪ್ಪ ಕಿವಿಯಣ್ಣನ ತೋಳು ಹಿಡಿದು ಮೆಲ್ಲಗೆ, "ನಂಬರ್ ಹೇಳ್ಬಿಡಿ ಸ್ವಾಮಿ," ಎಂದ.

ಹೇಳುವುದು ಸುಲಭವಿತ್ತು. ಮೂವತ್ತೆಂಟು ವರ್ಷ ಕಟ್ಟಿದ ಹೆಸರು ಹಾಗೇ ಉಳಿಯುತ್ತಿತ್ತು. ಪೇಟೆಯ ಅರ್ಧ ಜನ ಬಂದು ಹೋಗುವ ವಾರ್ಡು ಅದು. ಇಲ್ಲಿ ಆಡಿದ ಮಾತು ಸಂಜೆಯೊಳಗೆ ಎದುರಂಗಡಿಯವನ ಬಾಯಲ್ಲಿರುತ್ತದೆ. ಕಿವಿಯಣ್ಣ ಹುಡುಗಿಯ ಎದುರಿಗೆ, ತುಟಿ ಕಾಣುವ ಹಾಗೆ, ನೆಲದ ಮೇಲೆ ಕೂತ.

"ನನಗೂ ಕೇಳಿಸಲ್ಲ."

"ಸಮಾಧಾನಕ್ಕೆ ಹೇಳ್ತೀರಿ. ಇಲ್ಲಿ ಎಲ್ಲರೂ ಹಾಗೇ ಹೇಳೋದು."

ಅವನು ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಬಿಚ್ಚಿ, ಕೊಳವೆಯೊಳಗಿಂದ ಪಿನ್ನಿನಲ್ಲಿ ಕರಿಹತ್ತಿಯ ಉಂಡೆಯೊಂದನ್ನು ಎಳೆದ. ಎಳೆದಷ್ಟೂ ಬಂತು.

"ಇರುವೆ ಗೂಡು ಮಾಡಿತ್ತು ಅಂತ ಒಂಬತ್ತು ವರ್ಷದ ಹಿಂದೆ ತುರುಕಿದ್ದು. ಇದ್ರಲ್ಲಿ ಗುಡುಗೂ ಕೇಳಿಸಲ್ಲ."

"ಥೂ," ಎಂದಳು ದೊಡ್ಡ ನರ್ಸ್. "ನಮ್ಮ ಕಪಾಟಿಗೆ ಅರ್ಧ ಗಂಟೆ ಹಿಡ್ಕೊಂಡು ಕೂತಿದ್ರಲ್ಲ."

"ಆ ಕಪಾಟಿಗೆ ಒಂದೂವರೆ ನಿಮಿಷ ಸಾಕಿತ್ತಮ್ಮ."

ಇನ್‌ಸ್ಪೆಕ್ಟರ್ ಹತ್ತಿಯನ್ನೂ ಅವನ ಮುಖವನ್ನೂ ಎರಡೆರಡು ಸಲ ಪರೀಕ್ಷಿಸಿದಳು. "ಮತ್ತೆ ಹೇಗೆ ತೆಗೀತಿದ್ರಿ?"

ಅವನು ಅವಳ ಬೆರಳುಗಳನ್ನು ಚಕ್ರದ ಮೇಲಿಟ್ಟು, ಮೇಲೆ ತನ್ನ ಬೆರಳಿಟ್ಟ. ಇದನ್ನು ಅವನು ಯಾರಿಗೂ ಕಲಿಸಿರಲಿಲ್ಲ, ತಮ್ಮನ ಮಗ ಕಾಲು ಹಿಡಿದರೂ. "ಹಿಂಡಬೇಡ. ಸುಮ್ನೆ ಮುಟ್ಟಿರು. ನಡ್ಕೊಂಡು ಹೋಗೋನು ಸಣ್ಣ ಕಲ್ಲಿಗೆ ಎಡವಿದ ಹಾಗೆ ಚಕ್ರ ಒಂದು ಕಡೆ ಎಡವುತ್ತೆ. ಅಲ್ಲಿ ನಿಲ್ಲಿಸು."

ಚಕ್ರ ಹದಿನೇಳರಲ್ಲಿ ನಿಂತಿತು. ಅವಳ ಕಣ್ಣುಗಳು ಅಗಲವಾದವು. "ಎಡವಿತು."

"ಈಗ ಇನ್ನೊಂದು ಕಡೆಗೆ. ನಾನು ಮುಟ್ಟಲ್ಲ."

ಎರಡನೆಯದಕ್ಕೆ ಹದಿನೈದು ನಿಮಿಷ ಹಿಡಿಯಿತು. ನಡುವೆ ಎರಡು ಸಲ ದಿಂಬಿಗೆ ಒರಗಿ ಉಸಿರು ತಂದುಕೊಂಡಳು. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಗಾಲಿಕುರ್ಚಿ ಬಾಗಿಲಿಗೆ ಬಂತು.

ಮೂರನೆಯ ಅಂಕಿ ಅರವತ್ತೊಂದು. ಅದು ಕಿವಿಯಣ್ಣನಿಗೆ ಗೊತ್ತು. ಚಕ್ರ ಐವತ್ತು ದಾಟಿತು, ಐವತ್ತೆಂಟು, ಅರವತ್ತು, ಅರವತ್ತೊಂದನ್ನೂ ದಾಟಿ ಹೋಯಿತು. ಅವನು ನಾಲಿಗೆ ಕಚ್ಚಿಕೊಂಡ. ಮತ್ತೆ ಬಂತು, ಮತ್ತೆ ದಾಟಿತು. ಬೆರಳು ದಣಿದಿತ್ತು. ದಣಿದ ಬೆರಳಿಗೆ ಕಲ್ಲು ಸಿಗುವುದಿಲ್ಲ. ಅಪ್ಪ ಅವನನ್ನೇ ನೋಡುತ್ತಿದ್ದ. ಒಂದು ಕೆಮ್ಮು ಸಾಕಿತ್ತು, ಹುಬ್ಬು ಹಾರಿಸಿದರೆ ಸಾಕಿತ್ತು. ಆದರೆ ಆ ಹುಡುಗಿ ಮುಖ ಓದುವುದರಲ್ಲಿ ಪಳಗಿದವಳು. ಅವನು ತಲೆ ತಗ್ಗಿಸಿ ತನ್ನ ಚಪ್ಪಲಿಯನ್ನು ನೋಡುತ್ತ ಕೂತ.

"ಕೈ ಬದಲಾಯಿಸು," ಎಂದ ನೆಲಕ್ಕೆ. ಅವಳಿಗೆ ಅದು ಕೇಳಿಸದು ಎಂದು ನೆನಪಾಗಿ, ತಲೆ ಎತ್ತದೆ ತನ್ನ ಎಡಗೈ ಎತ್ತಿ ತೋರಿಸಿದ.

ಗಡಿಯಾರದ ಮುಳ್ಳುಗಳು ಒಂದರ ಮೇಲೊಂದು ಕೂತವು. ಗಾಲಿಕುರ್ಚಿಯವನು, "ಮೇಡಂ, ಮೇಲಿಂದ ಫೋನು," ಎಂದ.

"ಆ ಗಡಿಯಾರ ಐದು ನಿಮಿಷ ಮುಂದಿದೆ ಅಂತ ಹೇಳು," ಎಂದಳು ದೊಡ್ಡ ನರ್ಸ್. ಬೆಳಿಗ್ಗೆ ತಾನೇ ಸರಿಮಾಡಿದ ಗಡಿಯಾರ ಅದು.

ಎಡಗೈ ಇನ್ನೂ ದಣಿದಿರಲಿಲ್ಲ. ಚಕ್ರ ಬಂತು. ಐವತ್ತೊಂಬತ್ತು. ಅರವತ್ತು. ಅರವತ್ತೊಂದು. ನಿಂತಿತು.

ಅವಳು ಯಾರನ್ನೂ ನೋಡಲಿಲ್ಲ. ಹಿಡಿಗೆ ಎರಡೂ ಕೈ ಹಾಕಿ, ಮೈಭಾರ ಪೂರ್ತಿ ಅದರ ಮೇಲೆ ಬಿಟ್ಟು ಎಳೆದಳು. ಕಬ್ಬಿಣದ ಬಾಗಿಲು ಅವಳ ಮಡಿಲ ಕಡೆಗೆ ತೆರೆದುಕೊಂಡಿತು. ಒಳಗೆ ಏನೂ ಇರಲಿಲ್ಲ. ಸ್ಪಿರಿಟ್ಟಿನ ವಾಸನೆ ಬಂತು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ನಿಮಗೆ ನಂಬರ್ ಗೊತ್ತಿತ್ತಾ?" ಎಂದು ಕೇಳಿದಳು ಇನ್‌ಸ್ಪೆಕ್ಟರ್.

"ಗೊತ್ತಿತ್ತು."

"ಎರಡು ಸಲ ದಾಟಿ ಹೋದೆನಾ?"

"ಹೋದೆ."

ಅವಳು ತಲೆಯಾಡಿಸಿದಳು, ಔಷಧಿಯ ಚೀಟಿ ಸರಿಯಿದೆ ಎಂದು ಒಪ್ಪಿಕೊಳ್ಳುವ ಹಾಗೆ. ಗಾಲಿಕುರ್ಚಿ ಹೊರಟಿತು. ಅಪ್ಪ ಅಮ್ಮ ಅದರ ಹಿಂದೆ ಓಡುನಡಿಗೆಯಲ್ಲಿ ಹೋದರು. ಕಾರಿಡಾರಿನ ಕೊನೆಯವರೆಗೂ ಅವಳ ಎಡಗೈ ಕುರ್ಚಿಯ ತೋಳಿನ ಮೇಲೆ ಏನನ್ನೋ ಮೆಲ್ಲಗೆ ತಿರುಗಿಸುತ್ತಲೇ ಇತ್ತು.

ಕಿವಿಯಣ್ಣ ಏಳಲು ನೋಡಿದ. ದೊಡ್ಡ ನರ್ಸ್ ಕೈ ಕೊಟ್ಟಳು.

"ಇದನ್ನ ಇಲ್ಲೇ ಬಿಟ್ಟು ಹೋಗ್ಲಾ?" ಎಂದು ಕೇಳಿದ. "ನಲವತ್ತು ದಿನ."

"ಎಲ್ಲಿ ಇಡೋದು, ಓಡಾಡೋ ಜಾಗ."

"ಹಾಸಿಗೆ ಕೆಳಗೆ."

ಅವಳು ಅಲ್ಲಿದ್ದ ಹುಡುಗಿಯ ಚಪ್ಪಲಿಗಳನ್ನು ಕಾಲಿನಿಂದ ಬದಿಗೆ ಸರಿಸಿ ಜಾಗ ಮಾಡಿದಳು.