ಮುಂದಿನ ಗಾಲಿ ತಿರುಗಲಿಲ್ಲ

ನನ್ನ ಪಿಕಪ್ಪಿನಲ್ಲಿ ಎರಡು ಗೇರ್ ಕಡ್ಡಿ. ಒಂದು ಎಲ್ಲ ಗಾಡಿಗಳಲ್ಲೂ ಇರುವಂಥದ್ದು. ಪಕ್ಕದ ಗಿಡ್ಡ ಕಡ್ಡಿಯನ್ನು ಹಿಂದಕ್ಕೆ ಎಳೆದರೆ ಮುಂದಿನ ಗಾಲಿಗಳಿಗೂ ಎಂಜಿನ್ನಿನ ಜೋರು ಸಿಕ್ಕು ನಾಲ್ಕೂ ಗಾಲಿ ಒಟ್ಟಿಗೆ ಎಳೆಯುತ್ತವೆ. ಮುನವಳ್ಳಿಯ ನಮ್ಮ ಓಣಿಯಲ್ಲಿ ಅಂಥ ಗಾಡಿ ಇನ್ನೊಬ್ಬರ ಹತ್ತಿರ ಇರಲಿಲ್ಲ. ನಾನೂ ಸುಮ್ಮನಿರುವ ಆಸಾಮಿಯಲ್ಲ, ಕಂಡಕಂಡವರ ಮುಂದೆ ಕೊಚ್ಚಿಕೊಂಡು ತಿರುಗಿದೆ. ಓಡಿಸಿದ್ದೆಲ್ಲ ಡಾಂಬರು ರಸ್ತೆಯಲ್ಲೇ ಆದ್ದರಿಂದ ಆ ಕಡ್ಡಿ ಎಳೆಯುವ ಪ್ರಸಂಗವೇ ಬಂದಿರಲಿಲ್ಲ, ಅದು ಬೇರೆ ಮಾತು.

ಅಕ್ಕನನ್ನು ಕಟಕೋಳದ ಕಡೆ ಕೊಟ್ಟಿದ್ದು. ಭಾವ ತೀರಿಕೊಂಡ ಮೇಲೆ ಅವಳ ಮೈದುನ, "ವೈನಿ, ನಿಮಗ್ಯಾಕ ಈ ತ್ರಾಸು? ನಿಮ್ಮ ಪಾಲಿನ ಹೊಲಾನೂ ನಾನ ಮಾಡ್ತೀನಿ" ಅಂದ. ಕೆಟ್ಟವನಲ್ಲ. ಆದರೆ ಹೊಲ ಒಮ್ಮೆ ಅವನ ಕೈಗೆ ಹೋದರೆ ತಾನು ಆ ಮನೆಯಲ್ಲಿ ಊಟ ಮಾಡಿಕೊಂಡು ಮೂಲೆಯಲ್ಲಿ ಬಿದ್ದಿರುವವಳಾಗುತ್ತೇನೆ ಎಂದು ಅಕ್ಕನಿಗೆ ಗೊತ್ತಿತ್ತು. "ಒಂದು ವರ್ಷ ನಾ ಮಾಡಿ ನೋಡ್ತೀನಿ. ಆಗ್ಲಿಲ್ಲಾ, ನಿಮಗ ಬಿಡ್ತೀನಿ" ಅಂದಳು. ಹಳ್ಳದಾಚೆಯ ಎರೆ ಹೊಲದಲ್ಲಿ ಹೆಸರುಕಾಳು ಬಿತ್ತಿದಳು. ಎಂಥ ಬೆಳೆ ಬಂತು ಅಂತೀರಿ! ಓಡಾಡುವವರು ಸೈಕಲ್ ನಿಲ್ಲಿಸಿ ನೋಡಿ ಹೋಗುತ್ತಿದ್ದರು.

ಗಿಡ ಕಿತ್ತು ಹೊಲದಲ್ಲೇ ಒಟ್ಟಿದ ದಿನ ಮುಗಿಲು ಕಪ್ಪಿಟ್ಟಿತು. ಅಕ್ಕ ಫೋನ್ ಮಾಡಿ, "ಟ್ರ್ಯಾಕ್ಟರ್ ಒಂದು ಸಿಕ್ಕದ, ಹೇಳ್ಲೇನು? ಇವತ್ತ ಮನಿಗೆ ತಂದುಬಿಡೋಣು" ಅಂದಳು.

"ಏ, ನನ್ನ ಗಾಡಿ ಇರೋವಾಗ ಟ್ರ್ಯಾಕ್ಟರ್ ಯಾಕ ಬೇಕ? ಮಳಿ ಬಂದ್ರ ಬರ್ಲಿ ಬಿಡು. ನಾಳಿಗೆ ಬರ್ತೀನಿ."

ಮಳೆ ಬಂತು. ರಾತ್ರಿಯೆಲ್ಲ ಬಂತು, ಮರುದಿನವೂ ಬಿಡಲಿಲ್ಲ. ತಾಡಪಾಲು ಹೊದಿಸಿದರೂ ಕೆಳಗಿನಿಂದ ನೀರು ಏರುತ್ತದೆ. ಒದ್ದೆ ಹೆಸರು ಒಟ್ಟಿದಲ್ಲೇ ಕಾವು ಹಿಡಿದು ಮೊಳಕೆ ಒಡೆಯುತ್ತದೆ, ಆಮೇಲೆ ಯಾರೂ ಮೂಸಿ ನೋಡುವುದಿಲ್ಲ. ಮಳೆ ಸ್ವಲ್ಪ ಹೊಳವಾದದ್ದೇ ತಡ, ಪಕ್ಕದ ಮನೆಯ ಭಾಯ್‌ನನ್ನು ಕರೆದುಕೊಂಡು ಹೊರಟೆ. ಅವನೂ ನನ್ನಂತೆ ಡ್ರೈವರ್, ಅಷ್ಟಿಷ್ಟು ರಿಪೇರಿ ಬರುತ್ತದೆ.

ಹಳ್ಳ ದಾಟಿ ಹೊಲದ ಬದುವಿಗೆ ಬಂದಾಗ ಹಿಂದಿನ ಗಾಲಿ ಕುಸಿದವು. ಗತ್ತಿನಿಂದ ಗಿಡ್ಡ ಕಡ್ಡಿಗೆ ಕೈ ಹಾಕಿದೆ. ಅಲ್ಲಾಡಲಿಲ್ಲ. ಎರಡೂ ಕೈ ಹಾಕಿ ಜಗ್ಗಿದೆ. ಊಹೂಂ.

"ಕ್ಲಚ್ ತುಳದು ನೂಟ್ರಲ್ ಮಾಡ್ರಿ ಆಚಾರ್ರ. ಒಂದೀಟು ಹಿಂದಕ್ಕ ಬಿಟ್ಟು ಎಳೀರಿ" ಅಂದ ಭಾಯ್. ಹಾಗೂ ಮಾಡಿದೆ. ಎಂಜಿನ್ ಆರಿಸಿ ಮಾಡಿದೆ, ಹಚ್ಚಿ ಮಾಡಿದೆ. ಭಾಯ್ ರಾಡಿಯಲ್ಲಿ ಅಂಗಾತ ಮಲಗಿ ಗಾಡಿಯ ಕೆಳಗೆ ತೂರಿದ. "ಕೆಳಗ ಎಲ್ಲಾ ಬರೊಬ್ಬರಿ ಐತಿ. ಮ್ಯಾಲೇ ಏನೋ ಹಿಡದೈತಿ" ಎಂದು ಎದ್ದು ಬಂದು ಕಡ್ಡಿಯ ಬುಡದ ರಬ್ಬರು ಬಿಚ್ಚಿದ.

ಒಳಗೆ ಕಡ್ಡಿ ತಿರುಗುವ ಪಿನ್ನೇ ಕಾಣಲಿಲ್ಲ. ಕಂದು ಬಣ್ಣದ ಹಕ್ಕಳೆ, ಅದರ ತುಂಬ ಇರುವೆ, ಅಲ್ಲಲ್ಲಿ ಕುಂಕುಮದ ಕೆಂಪು. ಭಾಯ್ ಕೆರೆದು ಮೂಸಿದ. "ಜೇನುತುಪ್ಪ ಏನ್ರಿ ಇದು?" ಅಂದ.

ನನಗೆ ತಟ್ಟನೆ ಹೊಳೆಯಿತು. ನಮ್ಮದು ಪೂಜೆಪುನಸ್ಕಾರದ ಮನೆತನ. ಗಂಡ ಸತ್ತವಳ ಕೈ ಅಶುಭ ಅಂತ ಅಕ್ಕನನ್ನು ಆರತಿ ತಟ್ಟೆಗೂ ಮುಂದೆ ಕರೆಯುವವರಿರಲಿಲ್ಲ. ನನಗೆ ಅದನ್ನು ನೋಡಿದರೆ ಮೈ ಉರಿಯುತ್ತಿತ್ತು. ಅದಕ್ಕೇ ಅಮಾವಾಸ್ಯೆಗೊಮ್ಮೆ ಗಾಡಿ ತೆಗೆದುಕೊಂಡು ಹೋಗಿ ಅವಳ ಕೈಯಿಂದಲೇ ಗಾಡಿಗೆ ಪೂಜೆ ಮಾಡಿಸುತ್ತಿದ್ದೆ. ಎಲ್ಲರೂ ನಿಂಬೆಹಣ್ಣು, ತೆಂಗಿನಕಾಯಿಗೆ ಮುಗಿಸಿದರೆ ಅಕ್ಕ ಮಡಿಯುಟ್ಟು ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಕಲಸಿ ಪಂಚಾಮೃತ ಮಾಡುತ್ತಿದ್ದಳು. "ರಾಡ್ಯಾಗ ಸಿಕ್ಕರ ಎಳಿಯೋದು ಇದ ಹೌದಲ್ಲೋ?" ಎಂದು ಗಿಡ್ಡ ಕಡ್ಡಿಗೇ ಅಭಿಷೇಕ ಮಾಡಿ, ಮೇಲೆ ತೆಂಗಿನ ನೀರು ಬಿಡುತ್ತಿದ್ದಳು. ಅವಳ ಮುಖ ಅರಳುವುದನ್ನು ನೋಡುವುದರಲ್ಲಿ ಆ ನೀರು ಎಲ್ಲಿಗೆ ಇಳಿಯುತ್ತದೆ ಎಂದು ಯಾರು ನೋಡಿದರು?

ಅಷ್ಟರಲ್ಲಿ ಅಕ್ಕ ಸೀರೆ ಎತ್ತಿ ಕಟ್ಟಿಕೊಂಡು ರಾಡಿ ತುಳಿಯುತ್ತ ಬಂದಳು. ನಾನು ಗಡಬಡಿಸಿ ಅರಿವೆಯಿಂದ ಎಲ್ಲ ಒರೆಸಿದೆ. "ಏನಾತೋ?" ಅಂದಳು. ನಾನು ಅರಿವೆಯನ್ನು ಬೆನ್ನ ಹಿಂದೆ ಮುಚ್ಚಿಕೊಂಡೆ. ಭಾಯ್ ನನ್ನ ಮುಖ ನೋಡಿದವನೇ, "ತುಕ್ಕು ಹಿಡದೈತ್ರಿ ಅಕ್ಕಾರ. ಹಳೇ ಗಾಡಿ" ಅಂದ. ಅಮಾವಾಸ್ಯೆಯ ಪೂಜೆ ಅವನಿಗೂ ಗೊತ್ತಿತ್ತು.

ಡೀಸೆಲ್ ಸುರಿದು ಕಾದೆವು. ಸುತ್ತಿಗೆಯಿಂದ ಸಣ್ಣಗೆ ಬಡಿದೆವು. ಟ್ರ್ಯಾಕ್ಟರಿನವರಿಗೆ ಫೋನ್ ಮಾಡಿದರೆ ಎಲ್ಲರೂ ತಂತಮ್ಮ ಹೊಲದಲ್ಲಿ. ಮುಗಿಲು ಮತ್ತೆ ಇಳಿಯತೊಡಗಿತು. ನನಗೆ ತಾಳ್ಮೆ ತಪ್ಪಿ, "ಇದರ ಮನಿ ಹಾಳಾಗ!" ಎಂದು ಸುತ್ತಿಗೆಯಿಂದ ಜೋರಾಗಿ ಒಂದು ಹಾಕಿ ಕಡ್ಡಿ ಜಗ್ಗಿದೆ. ಕಡ್ಡಿ ಬುಡಸಮೇತ ಮುರಿದು ಕೈಗೆ ಬಂತು.

ಅಕ್ಕ ಒಟ್ಟಿಲಿನ ಹತ್ತಿರ ಹೋಗಿ ತಾಡಪಾಲಿನ ಅಂಚು ಎತ್ತಿ ಕೈ ಒಳಗೆ ಹಾಕಿದಳು. ಹೊರಗೆ ತೆಗೆದ ಕಾಯಿಗಳು ಬಿರಿದು ಬಿಳಿ ಮೊಳಕೆ ಹೊರಬಿದ್ದಿತ್ತು. ಇನ್ನಷ್ಟು ಆಳಕ್ಕೆ ಕೈ ಹಾಕಿದಳು. ಅಲ್ಲೂ ಅದೇ. ಬಂದು ನನ್ನ ಫೋನ್ ಇಸಿದುಕೊಂಡು ತಾನೇ ಮೈದುನನಿಗೆ ಹಚ್ಚಿದಳು.

ಅವನು ಟ್ರ್ಯಾಕ್ಟರ್ ತಂದ. ಒಂದು ಕುಹಕದ ಮಾತಿಲ್ಲ. ಚೈನು ಕಟ್ಟಿ ಗಾಡಿ ಎಳೆದ, ಒಟ್ಟಿಲಿನೊಳಗಿನ ಹೆಸರನ್ನೂ ನೋಡಿ "ದನಕ್ಕಾದ್ರೂ ಆಗ್ತದ ವೈನಿ" ಅಂದ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡು, "ಹಿಂಗಾರಿಗೆ ಕಡ್ಲಿ ನೀವ ಬಿತ್ರಿ. ನನ್ನ ಕೈಲೆ ಆಗೂದಿಲ್ಲ" ಅಂದಳು. ಅವನು ತಲೆಯಾಡಿಸಿದ.

ಅಕ್ಕನನ್ನು ಮನೆಗೆ ಬಿಡಲು ಗಾಡಿಯನ್ನು ಡಾಂಬರು ರಸ್ತೆಗೆ ಏರಿಸಿದೆ. ನನ್ನ ಪಕ್ಕ ಕೂತಿದ್ದ ಅಕ್ಕ ಕಡ್ಡಿಯಿದ್ದ ಜಾಗದ ತೂತನ್ನೇ ನೋಡುತ್ತಿದ್ದಳು.

"ನನ್ನ ಕೈಗುಣಾನ ಚೊಲೋ ಇಲ್ಲ ನೋಡೋ. ನಾ ಪೂಜಿ ಮಾಡಬಾರದಿತ್ತು. ಮಂದಿ ಅಂತಿದ್ದದ್ದು ಖರೇನ" ಅಂದಳು.

"ತುಕ್ಕುರೀ ಅಕ್ಕಾರ, ಬರೇ ತುಕ್ಕು" ಅಂದ ಭಾಯ್.

ನಾನೂ ಹೂಂ ಅಂದೆ. ಅಕ್ಕ ನಂಬಲಿಲ್ಲ.