ಮಾಯಮ್ಮ ಹೇಳಿದ ಸೈಜು

ನಾಗಮಂಗಲದಿಂದ ಬಿಂಡಿಗನವಿಲೆ ಕಡೆಗೆ ಹೊರಡುವ ಮೊದಲ ಬಸ್ಸು ಇನ್ನೂ ಕೆಮ್ಮುತ್ತಾ ನಿಂತಿದೆ. ರಸ್ತೆಬದಿಯ ತಗಡಿನ ಶೆಡ್ಡಿನ ಮುಂದೆ ಡೇರಿಯ ಹಾಲಿನ ಟೆಂಪೊ ಒಂದು ಕಾಲು ಮಡಚಿದಂತೆ ವಾಲಿದೆ. ಮಾಯಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು, ಟೈರಿಗೂ ರಿಮ್ಮಿಗೂ ನಡುವೆ ಕಬ್ಬಿಣದ ಪಟ್ಟಿ ತೂರಿಸಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಡುತ್ತಾರೆ. ಟೈರು ಒಮ್ಮೆ ನರಳಿ ರಿಮ್ಮಿನಿಂದ ಕಳಚಿಕೊಳ್ಳುತ್ತದೆ.

"ಅಣ್ಣ ಇಲ್ವೇನಕ್ಕ?" ಎನ್ನುತ್ತಾನೆ ಟೆಂಪೊ ಚಾಲಕ.

"ನಿಂಗೆ ಅಣ್ಣ ಬೇಕಾ, ಟೈರು ಬೇಕಾ?" ಮಾಯಮ್ಮ ತಲೆಯೆತ್ತುವುದಿಲ್ಲ.

ಅವರ ತಲೆಯ ಮೇಲಿನ ಬೋರ್ಡಿನಲ್ಲಿ 'ಚಿಕ್ಕಸ್ವಾಮಿ ಟೈರ್ ವರ್ಕ್ಸ್' ಎಂದು ಬರೆದಿದೆ. ಆ ಚಿಕ್ಕಸ್ವಾಮಿ, ಅಂದರೆ ಮಾಯಮ್ಮನ ಯಜಮಾನರು, ಒಳಗೆ ಕನ್ನಡಿಯ ಮುಂದೆ ನಿಂತು ಮೀಸೆ ತಿದ್ದಿಕೊಳ್ಳುತ್ತಿದ್ದಾರೆ. ಇವತ್ತು ಶ್ರೀರಂಗಪಟ್ಟಣದಲ್ಲಿ ಕಾರ್ ರೇಸು. ರೇಸಿಗೆ ಹೊರಟವರು ಅವರು. ರೇಸಿನ ಕಾರಿಗೆ ಚಕ್ರ, ಟೈರು ಆರಿಸಿದವರು ಇವರು, ಮಾಯಮ್ಮ. ಈ ಮಾತು ಈ ಶೆಡ್ಡಿನ ಆಚೆ ಯಾರಿಗೂ ಗೊತ್ತಿಲ್ಲ.

ಕಾರು ಪಾಂಡವಪುರದ ಲೋಕೇಶ್ ಅವರದು. ಗದ್ದೆ, ಹಸು, ಸಿಮೆಂಟಿನ ಅಂಗಡಿ ಎಲ್ಲ ಇರುವ ಮನೆತನ. ಅದರ ಮೇಲೆ ಕಾರಿನ ಹುಚ್ಚು. ಕಬ್ಬಿಣದ ಪೈಪುಗಳನ್ನು ಬೆಸೆದು, ಹಳೇ ಕಾರೊಂದರ ಎಂಜಿನ್ ಕೂರಿಸಿ, ಬಾಗಿಲಿಲ್ಲದ, ಚಾವಣಿಯಿಲ್ಲದ ಎರಡೇ ಸೀಟಿನ ಗಾಡಿಯನ್ನು ಅವರೇ ಕಟ್ಟಿಸಿದ್ದಾರೆ, ರೇಸಿನಲ್ಲಿ ಓಡಿಸುವವರೂ ಅವರೇ. ಕಬ್ಬಿನ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಅದನ್ನು ನಿಲ್ಲಿಸಿದರೆ ಆರು ಕ್ವಿಂಟಾಲೂ ದಾಟಲಿಲ್ಲ. ಇಷ್ಟು ಹಗುರದ ಕಾರಿಗೆ ಅವರು ಬೆಂಗಳೂರಿನಿಂದ ತರಿಸಿ ಹಾಕಿದ್ದು ಹದಿನೇಳು ಇಂಚಿನ, ಅಗಲವಾದ, ಕಣ್ಣು ಕೋರೈಸುವ ಚಕ್ರ. ನೋಡಿದವರೆಲ್ಲ ಹೊಗಳಿದರು. ತಿರುವಿನಲ್ಲಿ ಮಾತ್ರ ಕಾರು ನೆಟ್ಟಗೆ ಜಾರಿ ಹೋಗುತ್ತಿತ್ತು. ಇನ್ನೂ ಅಗಲದ್ದು ಹಾಕಿಸು ಎಂದು ಸಲಹೆ ಕೊಟ್ಟವರಿಗೂ ಕೊರತೆಯಿರಲಿಲ್ಲ.

ಹೋದ ವರ್ಷ ಲೋಕೇಶ್ ಆ ಕಾರನ್ನು ಈ ಅಂಗಡಿಗೆ ತಂದು ಬಿಟ್ಟುಹೋದರು. ಮಾಯಮ್ಮ ಟೈರಿನ ಅಡ್ಡಕ್ಕೆ ಸೀಮೆಸುಣ್ಣದ ಗೆರೆ ಎಳೆದರು. ಊರಾಚೆಯ ಖಾಲಿ ಬಡಾವಣೆಯ ಟಾರು ರಸ್ತೆಯಲ್ಲಿ ಚಿಕ್ಕಸ್ವಾಮಿ ಓಡಿಸಿದ ಕಾರು ಸುತ್ತು ಹೊಡೆದು ಬಂದು ನಿಂತಾಗ, ಎರಡೂ ಅಂಚಿನಲ್ಲಿ ಸುಣ್ಣ ಹಾಗೇ ಉಳಿದಿತ್ತು. ಅವರು ಕೈಯ ಹಿಂಬದಿಯನ್ನು ಟೈರಿಗೆ ತಾಗಿಸಿ ನೋಡಿದರು.

"ಮೂರು ಸುತ್ತು ಒಡೆದ್ರೂ ತಣ್ಣಗೇ ಕೂತಿತ್ತು ಕಣಪ್ಪ. ಟೈರು ಬಿಸಿಯಾದ್ರೇಯ ರೋಡ್ ಇಡ್ಕಳಾದು. ಕಾರು ಅಗೂರ, ಟೈರು ಅಗಲ. ಮೇಲಿಂದ ಒತ್ತೋಕೆ ಭಾರವೇ ಇಲ್ಲ, ಎಲ್ಲಿಂದ ಬಿಸಿಯಾದಾತು? ಜೊತೆಗೆ ಆ ರಿಮ್ಮು ಒಂದೊಂದೂ ಅರಿವಾಣದಂಗೆ ಭಾರ," ಎಂದು ಅದನ್ನು ಈಗ ಈ ಅಂಕಣಕ್ಕೆ ವಿವರಿಸುತ್ತಾರೆ.

ಕೈಯ ಹಿಂಬದಿಯಿಂದ ಕಾವು ನೋಡುವುದನ್ನು ಅವರು ಕಲಿತದ್ದು ತವರು ಬಿಂಡಿಗನವಿಲೆಯಲ್ಲಿ, ಕುರಿಗಳ ನಡುವೆ. "ಕುರಿ ಕಿವಿ ಮುಟ್ಟಿ ಜ್ವರ ನೋಡಾರು. ಅಂಗೈ ಮಡಗ್ಬೇಡ, ಅದು ದಡ್ಡು ಬಿದ್ದೋಗಿರ್ತದೆ, ಇಂದ್ಗಡೆ ಮಡಗು ಅನ್ನಾಳು ನಮ್ಮವ್ವ."

ಮಾಯಮ್ಮನ ತೀರ್ಮಾನ ಹದಿಮೂರು ಇಂಚಿನ ಹಗುರ ರಿಮ್ಮು, ಅದಕ್ಕೆ ಸಪೂರವಾದ, ಪಕ್ಕದ ರಬ್ಬರು ಎತ್ತರವಿರುವ ಟೈರು. ರಿಮ್ಮು ಚಿಕ್ಕದಾದರೂ ಟೈರು ಸೇರಿದ ಮೇಲೆ ಒಟ್ಟು ಎತ್ತರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಒಂದೇ ಅಂಜಿಕೆ: ಚಿಕ್ಕ ರಿಮ್ಮಿನ ಒಳಮೈ ಬ್ರೇಕಿಗೆ ಉಜ್ಜಬಾರದು. ಮಾಯಮ್ಮ ಒಳಗೆ ಹೋಗಿ ರಾತ್ರಿ ಉಳಿದಿದ್ದ ರಾಗಿಮುದ್ದೆಯಲ್ಲಿ ಒಂದು ತುಂಡು ತಂದು ಬ್ರೇಕಿನ ಮೇಲೆ ಮೆತ್ತಿದರು. ರಿಮ್ಮು ಕೂರಿಸಿ, ತಿರುಗಿಸಿ, ಬಿಚ್ಚಿ ನೋಡಿದರೆ ಮುದ್ದೆ ಚಪ್ಪಟೆಯಾಗಿತ್ತು, ಆದರೆ ಹರಿದಿರಲಿಲ್ಲ. ಜಾಗ ಸಾಕು ಎಂದು ಅದರಿಂದಲೇ ತಿಳಿಯಿತು.

ಅವರು ಅದನ್ನು ಗಂಡನಿಗೆ ಹೇಳಿದರು. ಗಂಡ ಅದನ್ನು ಲೋಕೇಶ್ ಅವರಿಗೆ ಹೇಳಿದರು. ಯಾರ ಮಾತು ಎನ್ನುವುದೊಂದು ಹೇಳಲು ಮರೆತರು.

"ಮುದ್ದೆ ತಟ್ಟೇಲಿದ್ರೆ ನಂದು, ಬ್ರೇಕ್ ಮ್ಯಾಲಿದ್ರೆ ಇವ್ರದು," ಎನ್ನುತ್ತಾರೆ ಮಾಯಮ್ಮ. ನಗುವುದಿಲ್ಲ.

ಆ ಚಕ್ರಗಳಲ್ಲಿ ಕಾರು ಹೋದ ವರ್ಷ ಶ್ರೀರಂಗಪಟ್ಟಣದಲ್ಲೂ ಗೆದ್ದಿತು, ಕೆ.ಆರ್. ಪೇಟೆಯಲ್ಲೂ ಗೆದ್ದಿತು. ಪಾಂಡವಪುರದಲ್ಲಿ ಫ್ಲೆಕ್ಸ್ ಎದ್ದಿತು. ಅದರಲ್ಲಿ ಹಾರ ಹಾಕಿಕೊಂಡ ಲೋಕೇಶ್, ಕೆಳಗಿನ ಸಾಲಿನ ದುಂಡು ಚಿತ್ರಗಳಲ್ಲಿ ಒಂದಾಗಿ 'ಟೈರ್ ತಜ್ಞ' ಚಿಕ್ಕಸ್ವಾಮಿ. ಆ ಚಿತ್ರದಲ್ಲಿ ಕಾರು ಮಾತ್ರ ಮತ್ತೆ ಹದಿನೇಳು ಇಂಚಿನ ಮೇಲೆ ನಿಂತಿದೆ. ಚಿಕ್ಕ ಚಕ್ರ ಆಟೋದ್ದರ ಹಾಗೆ ಕಾಣುತ್ತದಂತೆ, ಫೋಟೊಗೆ ಬದಲಾಯಿಸಿದರು. ಬದಲಾಯಿಸಿ ಕೊಟ್ಟವರೂ ಮಾಯಮ್ಮನೇ. ಗೆದ್ದ ಕೈಯೂ ಇಲ್ಲ, ಗೆದ್ದ ಚಕ್ರವೂ ಇಲ್ಲ. ಇಷ್ಟು ನಾಚಿಕೆಗೆಟ್ಟ ಫ್ಲೆಕ್ಸು ಈ ಸೀಮೆಯಲ್ಲಿ ಇನ್ನೊಂದು ಸಿಗುವುದು ಕಷ್ಟ.

ಈ ಅಂಕಣದ ಹೆಸರು 'ಎಲೆಮರೆಯ ಕಾಯಿ' ಎಂದಾಗ ಮಾಯಮ್ಮ ಕೈ ಒರೆಸಿಕೊಳ್ಳುತ್ತಾರೆ. "ಎಲೆ ಮರೇಲಿ ನಾನಾಗ್ನಾನೇ ಓಗಿ ಕೂತಿಲ್ಲ ಕಣಪ್ಪ. ಎಲೆ ಇಡ್ಕಂಡು ನಿಂತವ್ರೆ. ಅದ್ನೂ ಬರ್ಕೊ."

ಅವರು ಈವರೆಗೆ ಒಂದು ರೇಸನ್ನೂ ನೋಡಿಲ್ಲ. ಲಾರಿ, ಟೆಂಪೊ, ಸ್ಕೂಟರುಗಳ ಪಂಕ್ಚರು ಬೆಳಗಿನಿಂದ ಸಂಜೆಯವರೆಗೆ ಬರುತ್ತಲೇ ಇರುತ್ತವೆ. ಟೈರಿನ ನಿಜ ತಿಳಿಯುವುದು ಓಡಿ ಬಂದು ನಿಂತ ಆ ಗಳಿಗೆಯಲ್ಲಿ. ರೇಸಿನಲ್ಲಿ ಆಗ ಮುಟ್ಟುವ ಭಾಗ್ಯ ಮಾತ್ರ ಅವರಿಗೆ ಬಂದಿಲ್ಲ. ರೇಸಿನ ಚಕ್ರಗಳು ಅವರ ಕೈ ಸೇರುವುದು ಸಂಜೆ, ತಣ್ಣಗಾದ ಮೇಲೆ.

ರೇಸಿಗೆ ಹೋಗುವ ವ್ಯಾನು ಬಂದು ನಿಲ್ಲುತ್ತದೆ. "ನಾನೂ ಬತ್ತೀನಿ ಇವತ್ತು," ಎನ್ನುತ್ತಾರೆ ಮಾಯಮ್ಮ, ಗಂಡನ ಮುಖ ನೋಡದೆ.

"ಅಲ್ಲೇನದೆ ನಿಂಗೆ? ಬಿಸ್ಲು, ದೂಳು. ಅಂಗ್ಡಿ ಯಾರ್ ನೋಡ್ಕಂಡಾರು?" ಎನ್ನುತ್ತಾರೆ ಚಿಕ್ಕಸ್ವಾಮಿ.

ವ್ಯಾನಿನೊಳಗೆ ಬಾವುಟ ಹಿಡಿದು ಕೂಗಲೆಂದೇ ಹೊರಟವರು ತುಂಬಿದ್ದಾರೆ. ಅವರಿಗೆ ಜಾಗವಿದೆ. ಮಾಯಮ್ಮ ರೇಸಿನ ನಾಲ್ಕು ಚಿಕ್ಕ ಚಕ್ರಗಳನ್ನೂ ತಾವೇ ಎತ್ತಿ ಒಳಗಿಟ್ಟು, ಬಾಗಿಲು ತಳ್ಳುತ್ತಾರೆ.

ಮಧ್ಯಾಹ್ನ. ಬಿಸಿಲಿಗೆ ತಗಡು ಚಟಪಟ ಎನ್ನುತ್ತಿದೆ. ಮಾಯಮ್ಮ ಸ್ಕೂಟರಿನ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿರುವಾಗ ಫೋನು ಬರುತ್ತದೆ. ಕೈ ಒದ್ದೆ, ಸ್ಪೀಕರ್ ಹಾಕುತ್ತಾರೆ. ಅತ್ತ ಚಿಕ್ಕಸ್ವಾಮಿಯ ಪಿಸುದನಿ.

"ಲೇ ಅಮ್ಮೀ, ಮುಂದ್ಗಡೆ ಜಾರ್ತಾ ಅದಂತೆ. ಫೈನಲ್ ಒಂದೇ ಉಳ್ದಿರಾದು. ಗಾಳಿ ಏನ್ ಮಾಡ್ಲಿ, ಏಳು ಬಿರ್ನೆ."

"ಕೈ ಮಡಗಿ ನೋಡಿ. ಮದ್ಯ ಬಿಸಿ ಅದಾ, ಅಂಚು ಬಿಸಿ ಅದಾ? ಮದ್ಯ ಬಿಸಿಯಿದ್ರೆ ಗಾಳಿ ಇಳ್ಸಿ. ಅಂಚು ಬಿಸಿಯಿದ್ರೆ ತುಂಬಿ."

"ಎಲ್ಲಾ ಬಿಸಿಯಾಗೇ ಅದೆ ಕಣೆ!"

"ಅಂಗಿರಕಿಲ್ಲ. ಲೋಕೇಶಪ್ಪನ ಕೈಗೆ ಕೊಡಿ ಪೋನ, ನಾನ್ ಕೇಳ್ತೀನಿ."

ಫೋನು ಕಟ್ಟಾಗುತ್ತದೆ. ಮಾಯಮ್ಮ ತಿರುಗಿ ಹಚ್ಚುತ್ತಾರೆ, ಇನ್ನೊಮ್ಮೆ ಹಚ್ಚುತ್ತಾರೆ. ಯಾರೂ ಎತ್ತುವುದಿಲ್ಲ. ಕಾರು ಸೋತರೂ ಸರಿ, ಫೋನು ಇನ್ನೊಬ್ಬರ ಕೈಗೆ ಹೋಗಬಾರದು ಎಂದು ಗಂಡ ತೀರ್ಮಾನಿಸಿದ್ದು ಅವರಿಗೆ ಅರ್ಥವಾಗಿದೆ. ತೊಟ್ಟಿಯಲ್ಲಿ ಟ್ಯೂಬು ತೇಲುತ್ತಿದೆ. ಅದನ್ನೆತ್ತಿಕೊಳ್ಳಲು ಅವರಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

ದೀಪ ಹಚ್ಚುವ ಹೊತ್ತಿಗೆ ವ್ಯಾನು ವಾಪಸ್ಸು ಬರುತ್ತದೆ, ಹಿಂದೆಯೇ ಟ್ರಾಲಿಯ ಮೇಲೆ ಕಾರು. ಬಾವುಟದವರು ಯಾರೂ ಇಲ್ಲ; ಸೋತ ಕಾರಿನ ಜೊತೆ ಅವರಿಗೇನು ಕೆಲಸ. ಫೈನಲಿನ ಕೊನೇ ತಿರುವಿನಲ್ಲಿ ಕಾರು ಜಾರಿ ರಸ್ತೆ ಬಿಟ್ಟಿತಂತೆ. ಲೋಕೇಶ್ ಅವರ ಮುಖ ಇಷ್ಟು ಚಿಕ್ಕದಾಗಿದೆ.

"ನಿನ್ ಚಿಕ್ಕ ಚಕ್ರದ ಸಾವಾಸ ಸಾಕು ಕಣ್ ಚಿಕ್ಕಸ್ವಾಮಣ್ಣ. ದೊಡ್ಡವನ್ನೇ ಆಕ್ಬುಡು."

ಚಿಕ್ಕಸ್ವಾಮಿ ಮೀಸೆ ಸವರಿಕೊಳ್ಳುತ್ತಾರೆ. ಒಮ್ಮೆ ಹೆಂಡತಿಯ ಕಡೆ ನೋಡಿ, ಮಾತು ತೆಗೆಯುತ್ತಾರೆ. "ನಂದಲ್ಲ ಲೋಕೇಶಪ್ಪ. ಆ ಸೈಜು ಏಳಿದ್ದೇ ಇವ್ಳು. ಎಂಗಸ್ರ ಮಾತು ಕೇಳಿ ಕೆಟ್ಟೆ."

ಒಂದು ವರ್ಷದಿಂದ ಯಾರ ಬಾಯಲ್ಲೂ ಬಾರದ ಸತ್ಯ ಹೀಗೆ ಹೊರಬಿತ್ತು, ತಪ್ಪಿನ ವೇಷದಲ್ಲಿ. ಅದನ್ನು ಕೇಳಿದವರಿಗೆ ಮೈ ಉರಿಯುತ್ತದೆ. ಮಾಯಮ್ಮ ಕಾರಿನ ಮುಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂರುತ್ತಾರೆ. ಕೈಯ ಹಿಂಬದಿ ತಾಗಿಸುತ್ತಾರೆ. ತಣ್ಣಗಿದೆ. ಆದರೆ ಕಣ್ಣಿಗೆ ಕಾಣುವುದು ಕಾಣುತ್ತದೆ: ಮಧ್ಯದ ಪಟ್ಟಿ ಸವೆದು ಹೊಳೆಯುತ್ತಿದೆ, ಅಂಚಿನ ರಬ್ಬರಿಗೆ ರಸ್ತೆಯೇ ಸೋಕಿಲ್ಲ.

"ಗಾಳಿ ತುಂಬುದ್ರಾ?" ಎಂದು ಗಂಡನನ್ನು ಕೇಳುತ್ತಾರೆ. ಅವರ ಕೈ ಮತ್ತೆ ಮೀಸೆಗೆ ಹೋಗುತ್ತದೆ. ಮಾಯಮ್ಮ ಲೋಕೇಶ್ ಕಡೆ ತಿರುಗುತ್ತಾರೆ. "ನೋಡಪ್ಪ, ಮದ್ಯ ಮಾತ್ರ ಉಜ್ಜದೆ. ಇಳ್ಸೋ ಕಡೆ ತುಂಬವ್ರೆ. ಊಂ, ಸೈಜು ನಾನೇ ಏಳಿದ್ದು. ಇವತ್ತೂ ನಾನೇ. ಗೆದ್ದಾಗ್ಲೂ ನಾನೇ."

ಲೋಕೇಶ್ ಟೈರು ನೋಡುತ್ತಾರೆ, ಚಿಕ್ಕಸ್ವಾಮಿಯನ್ನು ನೋಡುತ್ತಾರೆ, ಆಮೇಲೆ ಮೊಬೈಲು ನೋಡುತ್ತಾರೆ. "ಆಯ್ತು ಬುಡಕ್ಕ, ಮುಂದಕ್ ನೋಡವ. ಈಗ ದೊಡ್ಡವು ಆಕಿರು," ಎಂದು ವ್ಯಾನು ಹತ್ತುತ್ತಾರೆ. ಚಿಕ್ಕಸ್ವಾಮಿ ಒಳಗೆ ಹೋಗಿ ಟೀವಿ ಹಾಕುತ್ತಾರೆ.

ವ್ಯಾನು ಇಳಿಸಿ ಹೋದ ಹದಿನೇಳು ಇಂಚಿನ ಚಕ್ರಗಳನ್ನು ಮಾಯಮ್ಮ ಒಂದೊಂದಾಗಿ ಉರುಳಿಸಿ ತಂದು, ಎತ್ತಿ ಕೂರಿಸಿ, ನಟ್ಟು ಬಿಗಿಯುತ್ತಾರೆ. ಬೇಡವೆಂದು ತಾವೇ ತೆಗೆದದ್ದನ್ನು ತಾವೇ ಹಾಕುವಾಗಲೂ ಒಂದು ನಟ್ಟನ್ನೂ ಸಡಿಲ ಬಿಡುವುದಿಲ್ಲ. ಚಿಕ್ಕ ಚಕ್ರ ನಾಲ್ಕನ್ನೂ ಸೋಪಿನ ನೀರಿನಲ್ಲಿ ತೊಳೆದು, ಗೋಣಿಚೀಲ ಹಾಸಿ, ಒಂದರ ಮೇಲೊಂದು ಜೋಡಿಸುತ್ತಾರೆ. ಬೋರ್ಡಿನಲ್ಲಿ ನಿಮ್ಮ ಹೆಸರು ಬರಬೇಕಲ್ಲವೇ ಎಂದು ಕೇಳಿದರೆ ತಲೆಯಾಡಿಸುತ್ತಾರೆ.

"ಬೋರ್ಡು ಕಟ್ಕಂಡು ಏನ್ ಮಾಡ್ಲಿ? ಟೈರು ಬಿಸಿ ಇರೋವಾಗ ಒಂದ್ಸಲ ಅಲ್ಲಿ ನಿಂತು ಕೈ ಮಡಗ್ಬೇಕು, ಅಷ್ಟೇಯ." ಚಕ್ರಗಳ ಮೇಲೆ ಟಾರ್ಪಾಲು ಎಳೆಯುತ್ತಾರೆ. "ದೊಡ್ಡವು ತಿರ್ಗಾ ಜಾರೇ ಜಾರ್ತವೆ. ಬತ್ತಾರೆ, ನೋಡ್ತಿರು. ಆಗ ಈ ನಾಕೂ ವ್ಯಾನ್ ಅತ್ಬೇಕಾದ್ರೆ, ಮೊದ್ಲು ನಾನ್ ಅತ್ತಿ ಕೂತಿರ್ತೀನಿ."